ಮೂಕ ಪ್ರಾಣಿಗೆ ಮಾತು ಕೊಟ್ಟ ಅನ್ನಾ ಸೆವೆಲ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದು ತರಬೇಕು ಅಂತ ನಮ್ಮ ಕನ್ನಡ ಸರ್ ಹೇಳಿದ್ದರು. ನಮ್ಮ ವರ್ಗದಲ್ಲಿ ಎಲ್ಲರೂ ರಾಜರನ್ನು, ಸ್ವಾತಂತ್ರ್ಯ ಹೋರಾಟಗಾರರನ್ನು, ವಿಜ್ಞಾನಿಗಳನ್ನು ಆರಿಸಿಕೊಂಡರು. ನಾನು ಆರಿಸಿಕೊಂಡವರು ಯುದ್ಧ ಮಾಡಿದವರಲ್ಲ, ಯಂತ್ರ ಕಂಡುಹಿಡಿದವರೂ ಅಲ್ಲ. ಅವರಿಗೆ ನೆಟ್ಟಗೆ ನಡೆಯಲು ಕೂಡ ಬರುತ್ತಿರಲಿಲ್ಲ. ಅವರೇ ಇಂಗ್ಲೆಂಡ್ ದೇಶದ ಅನ್ನಾ ಸೆವೆಲ್. ತಮ್ಮ ಇಡೀ ಜೀವನದಲ್ಲಿ ಅವರು ಪ್ರಕಟಿಸಿದ್ದು ಒಂದೇ ಒಂದು ಕಾದಂಬರಿ. ಅದರ ಹೆಸರು ಬ್ಲ್ಯಾಕ್ ಬ್ಯೂಟಿ, ಅಂದರೆ ಕಪ್ಪು ಚೆಲುವ. ಅದು ಒಂದು ಕುದುರೆಯ ಕಥೆ. ಹೊಡೆಯದೆ, ಹೆದರಿಸದೆ ಕುದುರೆಯ ನಂಬಿಕೆ ಗಳಿಸುವುದು ಹೇಗೆ ಎಂಬುದನ್ನು ಆ ಪುಸ್ತಕ ಲೋಕಕ್ಕೆ ಕಲಿಸಿತು.

ಅನ್ನಾ ಸೆವೆಲ್ ಅವರು 1820ನೇ ಇಸವಿ ಮಾರ್ಚ್ 30ರಂದು ಇಂಗ್ಲೆಂಡಿನ ನಾರ್ಫೋಕ್ ಎಂಬ ಪ್ರಾಂತದ ಗ್ರೇಟ್ ಯಾರ್ಮತ್ ಎಂಬ ಊರಲ್ಲಿ ಹುಟ್ಟಿದರು. ಅದು ಸಮುದ್ರದ ದಂಡೆಯ ಊರು. ತಂದೆ ಐಸಾಕ್, ತಾಯಿ ಮೇರಿ. ಅನ್ನಾ ಅವರಿಗೆ ಫಿಲಿಪ್ ಎಂಬ ಒಬ್ಬ ತಮ್ಮ ಇದ್ದ. ಅವರ ಮನೆಯವರು ಕ್ವೇಕರ್ ಎಂಬ ಪಂಥದವರು. ಆ ಪಂಥದವರು ಸಾದಾ ಬಟ್ಟೆ ಉಡುತ್ತಿದ್ದರು, ಜಗಳ ಯುದ್ಧ ಬೇಡ ಅನ್ನುತ್ತಿದ್ದರು. ತಂದೆಯ ವ್ಯಾಪಾರ ಕೈ ಹಿಡಿಯಲಿಲ್ಲ. ಹಾಗಾಗಿ ಅವರು ಊರಿಂದ ಊರಿಗೆ ಹೋಗಬೇಕಾಯಿತು. ಮೊದಮೊದಲು ತಾಯಿಯೇ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಮೇರಿಯವರೂ ಮುಂದೆ ಪದ್ಯಗಳನ್ನು ಬರೆದು ಹೆಸರು ಮಾಡಿದರು.

ಅನ್ನಾ ಅವರಿಗೆ 14 ವರ್ಷ ಆಗಿದ್ದಾಗ ಒಂದು ದೊಡ್ಡ ಆಪತ್ತು ಬಂತು. ಒಂದು ದಿನ ಶಾಲೆ ಬಿಟ್ಟು ಮನೆಗೆ ಬರುವಾಗ ಮಳೆ ಸುರಿಯುತ್ತಿತ್ತು. ಅವಸರದಲ್ಲಿ ಬರುತ್ತಿದ್ದ ಅವರು ಜಾರಿ ಬಿದ್ದರು. ಎರಡೂ ಕಾಲಿನ ಹರಡಿಗೆ ಜೋರಾಗಿ ಪೆಟ್ಟಾಯಿತು. ಆಗ ಎಕ್ಸ್‌ರೇ ಇರಲಿಲ್ಲ. ಅದನ್ನು ಕಂಡುಹಿಡಿದದ್ದೇ 1895ರಲ್ಲಿ. ಒಳಗೆ ಏನಾಗಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ಆ ಕಾಲು ಮತ್ತೆ ಸರಿಹೋಗಲೇ ಇಲ್ಲ. ಮುಂದೆ ಜೀವನಪೂರ್ತಿ ಅವರಿಗೆ ಹೆಚ್ಚು ಹೊತ್ತು ನಿಲ್ಲಲು, ದೂರ ನಡೆಯಲು ಆಗಲಿಲ್ಲ. ಊರುಗೋಲು ಬೇಕಾಯಿತು. ಗೆಳೆಯರೇ, ನಮಗೂ ಈಗ 13 ವರ್ಷ. ಮುಂದಿನ ವರ್ಷದಿಂದ ಓಡುವುದೇ ಇಲ್ಲ, ಹೊಲಕ್ಕೆ ಹೋಗುವುದೇ ಇಲ್ಲ ಅಂದರೆ ಹೇಗಿರುತ್ತದೆ? ಒಂದು ಸಲ ಯೋಚಿಸಿ ನೋಡಿ.

ಆದರೆ ಅನ್ನಾ ಅವರು ಮೂಲೆಯಲ್ಲಿ ಕೂರಲಿಲ್ಲ. ಅವರಿಗೆ ಕಾಲಿನ ಬದಲಿಗೆ ಕುದುರೆ ಸಿಕ್ಕಿತು. ಸಣ್ಣ ಕುದುರೆಗಾಡಿ ಹೊಡೆಯುವುದನ್ನು ಅವರು ಚೆನ್ನಾಗಿ ಕಲಿತರು. ತಂದೆಯವರನ್ನು ರೈಲು ನಿಲ್ದಾಣಕ್ಕೆ ಬಿಟ್ಟು ಬರುವುದು, ಮತ್ತೆ ಹೋಗಿ ಕರೆದುಕೊಂಡು ಬರುವುದು ಅವರದೇ ಕೆಲಸ ಆಯಿತು. ಅವರು ಗಾಡಿ ಹೊಡೆಯುವ ರೀತಿ ನೋಡಿ ಜನ ಆಶ್ಚರ್ಯ ಪಡುತ್ತಿದ್ದರಂತೆ. ಲಗಾಮನ್ನು ಸಡಿಲವಾಗಿ ಸುಮ್ಮನೆ ಕೈಯಲ್ಲಿ ಹಿಡಿದಿರುತ್ತಿದ್ದರು. ಜಗ್ಗುತ್ತಿರಲಿಲ್ಲ. ಮೆಲ್ಲಗೆ, ಮನುಷ್ಯರ ಜೊತೆ ಮಾತಾಡುವ ಹಾಗೆ ಕುದುರೆಯ ಜೊತೆ ಮಾತಾಡುತ್ತಿದ್ದರು. ಆ ದನಿ ಕೇಳಿಯೇ ಕುದುರೆ ನಡೆಯುತ್ತಿತ್ತು.

ಇದು ಮಂತ್ರ ಅಲ್ಲ. ಇದಕ್ಕೆ ಕಾರಣ ಇದೆ. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಕಾಡಿನಲ್ಲಿ ಇದ್ದಾಗ ಅದನ್ನು ಬೇಟೆಯಾಡುವ ಪ್ರಾಣಿಗಳು ಬಹಳ. ಅದಕ್ಕೇ ಹೆದರಿಕೆ ಆದ ಕೂಡಲೇ ಓಡುವುದು ಅದರ ಸ್ವಭಾವ. ಅದರ ಕಣ್ಣುಗಳು ಮುಖದ ಎರಡು ಪಕ್ಕದಲ್ಲಿ ಇವೆ. ಹಾಗಾಗಿ ಸುತ್ತಲೂ ಬಹಳಷ್ಟು ಕಾಣುತ್ತದೆ. ಆದರೆ ತೀರ ಹಿಂದೆ ಇರುವುದು, ಮೂಗಿನ ತುದಿಯ ಮುಂದೆಯೇ ಇರುವುದು ಕಾಣುವುದಿಲ್ಲ. ನಾವು ಸದ್ದಿಲ್ಲದೆ ಹಿಂದಿನಿಂದ ಹೋದರೆ ಅದು ಬೆಚ್ಚಿ ಒದೆಯುತ್ತದೆ. ಅದು ಸೊಕ್ಕು ಅಲ್ಲ, ಭಯ. ಅದರ ಕಣ್ಣಿಗೆ ಬೀಳುವ ಹಾಗೆ ಭುಜದ ಕಡೆಯಿಂದ, ಮಾತಾಡುತ್ತಾ, ನಿಧಾನವಾಗಿ ಹೋಗಬೇಕು. ಕುದುರೆಗಳು ಸ್ನೇಹ ತೋರಿಸಲು ಒಂದರ ಕುತ್ತಿಗೆಯ ಬುಡವನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತವೆ. ನಾವು ಅಲ್ಲೇ ಕೆರೆದರೆ ಅದರ ಎದೆಬಡಿತ ನಿಧಾನ ಆಗುತ್ತದೆ ಎಂದು ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಅನ್ನಾ ಅವರ ಕಾಲದಲ್ಲಿ ಮೋಟಾರು ಇರಲಿಲ್ಲ. ಲಂಡನ್ ಪಟ್ಟಣದ ಬಸ್ಸು, ಬಾಡಿಗೆ ಗಾಡಿ, ಕಲ್ಲಿದ್ದಲು ಬಂಡಿ ಎಲ್ಲವನ್ನೂ ಕುದುರೆಗಳೇ ಎಳೆಯಬೇಕಾಗಿತ್ತು. ಮಿತಿ ಮೀರಿ ಹೇರುತ್ತಿದ್ದರು, ಚಾವಟಿಯಿಂದ ಬಾರಿಸುತ್ತಿದ್ದರು. ಶ್ರೀಮಂತರ ಕುದುರೆಗಳಿಗಾದರೂ ಸುಖ ಇತ್ತೇ? ಅದೂ ಇಲ್ಲ. ಬೇರಿಂಗ್ ರೇನ್ ಎಂಬ ಒಂದು ಪಟ್ಟಿ ಇತ್ತು. ಅದನ್ನು ಕುದುರೆಯ ಬಾಯಿಯ ಕಬ್ಬಿಣದಿಂದ ಬೆನ್ನಿನ ಪಟ್ಟಿಗೆ ಬಿಗಿದು ಕಟ್ಟುತ್ತಿದ್ದರು. ಆಗ ಕುದುರೆ ತಲೆ ಕೆಳಗೆ ಮಾಡಲು ಆಗುತ್ತಿರಲಿಲ್ಲ. ಯಾಕೆ ಗೊತ್ತೇ? ತಲೆ ಎತ್ತಿ ನಿಂತ ಕುದುರೆ ನೋಡಲು ಚಂದ ಎಂದು, ಅಷ್ಟೇ! ನಮ್ಮ ಎತ್ತುಗಳನ್ನೇ ನೋಡಿ. ಏರು ಬಂದಾಗ ತಲೆ ತಗ್ಗಿಸಿ ಮೈಭಾರ ಮುಂದೆ ಹಾಕಿ ಎಳೆಯುತ್ತವೆ. ತಲೆ ಮೇಲಕ್ಕೆ ಕಟ್ಟಿದರೆ ಹೇಗೆ ಎಳೆಯಬೇಕು? ಕುತ್ತಿಗೆ ನೋಯುತ್ತದೆ, ಉಸಿರಾಡುವುದೂ ಕಷ್ಟ ಆಗುತ್ತದೆ. ಪಾಪ, ಅದು ಯಾರ ಹತ್ತಿರ ಹೇಳಬೇಕು?

ಇದನ್ನೆಲ್ಲ ನೋಡಿ ಅನ್ನಾ ಅವರ ಮನಸ್ಸು ಮರುಗಿತು. ಕುದುರೆಗೆ ಮಾತು ಬಂದಿದ್ದರೆ ಏನು ಹೇಳುತ್ತಿತ್ತು ಎಂದು ಅವರು ಯೋಚಿಸಿದರು. 1871ರಲ್ಲಿ ಪುಸ್ತಕ ಬರೆಯಲು ಶುರು ಮಾಡಿದರು. ಆಗ ಅವರಿಗೆ 51 ವರ್ಷ. ನಾರ್ವಿಚ್ ಪಟ್ಟಣದ ಹತ್ತಿರ ಓಲ್ಡ್ ಕ್ಯಾಟನ್ ಎಂಬ ಊರಲ್ಲಿ ಇದ್ದರು. ಅಷ್ಟು ಹೊತ್ತಿಗೆ ಆರೋಗ್ಯ ಪೂರ್ತಿ ಕೆಟ್ಟಿತ್ತು, ಹಾಸಿಗೆ ಹಿಡಿದಿದ್ದರು. ಎಷ್ಟೋ ದಿನ ಪೆನ್ಸಿಲ್ ಹಿಡಿಯಲೂ ಶಕ್ತಿ ಇರುತ್ತಿರಲಿಲ್ಲ. ಸ್ವಲ್ಪ ಗೆಲುವಾದ ದಿನ ಚೀಟಿಗಳ ಮೇಲೆ ನಾಲ್ಕು ಸಾಲು ಬರೆಯುತ್ತಿದ್ದರು, ಇಲ್ಲವೆ ಬಾಯಲ್ಲಿ ಹೇಳುತ್ತಿದ್ದರು. ವಯಸ್ಸಾದ ತಾಯಿ ಅದನ್ನು ಶುದ್ಧ ಅಕ್ಷರದಲ್ಲಿ ನಕಲು ಮಾಡುತ್ತಿದ್ದರು. ಹೀಗೆ ಒಂದು ಪುಸ್ತಕ ಮುಗಿಯಲು ಸುಮಾರು ಆರು ವರ್ಷ ಹಿಡಿಯಿತು.

ಆ ಪುಸ್ತಕದಲ್ಲಿ ಕಥೆ ಹೇಳುವುದು ಕುದುರೆಯೇ. ನಾನು ಮರಿಯಾಗಿದ್ದೆ, ನನ್ನನ್ನು ಮಾರಿದರು, ನನಗೆ ನೋವಾಯಿತು ಎಂದು ಅದೇ ಹೇಳಿಕೊಳ್ಳುತ್ತಾ ಹೋಗುತ್ತದೆ. ಅದರ ಗೆಳತಿ ಜಿಂಜರ್ ಎಂಬ ಇನ್ನೊಂದು ಕುದುರೆ. ಜಿಂಜರ್‌ಗೆ ಕಚ್ಚುವ ಚಟ. ಎಲ್ಲರೂ ಅದನ್ನು ಕೆಟ್ಟ ಕುದುರೆ ಅನ್ನುತ್ತಾರೆ. ಆದರೆ ಅದರ ಹಿಂದಿನ ಕಥೆ ಕೇಳಿದಾಗ ಗೊತ್ತಾಗುತ್ತದೆ, ಚಿಕ್ಕಂದಿನಿಂದ ಅದಕ್ಕೆ ಸಿಕ್ಕಿದ್ದು ಬರೀ ಹೊಡೆತ, ಬರೀ ಬಿಗಿತ. ಜಾನ್ ಮ್ಯಾನ್ಲಿ ಎಂಬ ಒಳ್ಳೆಯ ಚಾಲಕ ತಾಳ್ಮೆಯಿಂದ ನೋಡಿಕೊಂಡ ಮೇಲೆ ಅದು ದಿನೇ ದಿನೇ ಶಾಂತ ಆಗುತ್ತದೆ. ಮುಂದೆ ಕೆಟ್ಟ ಯಜಮಾನರ ಕೈಗೆ ಸಿಕ್ಕಿ ದುಡಿದು ದುಡಿದು ಸವೆದು ಹೋಗುತ್ತದೆ. ಆ ಭಾಗ ಕೇಳುವಾಗ ನನಗೆ ಅಳು ಬಂತು.

ನನಗೆ ಬಹಳ ಹಿಡಿಸಿದ್ದು ಸೇತುವೆಯ ಪ್ರಸಂಗ. ಒಂದು ರಾತ್ರಿ ಬಿರುಗಾಳಿ ಮಳೆ. ಬ್ಲ್ಯಾಕ್ ಬ್ಯೂಟಿ ಗಾಡಿ ಎಳೆದುಕೊಂಡು ಒಂದು ಮರದ ಸೇತುವೆಯ ಹತ್ತಿರ ಬರುತ್ತದೆ. ಅಲ್ಲಿ ಥಟ್ಟನೆ ನಿಂತುಬಿಡುತ್ತದೆ. ಎಷ್ಟು ಹೇಳಿದರೂ ಮುಂದೆ ಹೆಜ್ಜೆ ಇಡುವುದಿಲ್ಲ. ಏನೋ ಇರಬೇಕು ಎಂದು ಜಾನ್ ಕೆಳಗೆ ಇಳಿಯುತ್ತಾನೆ. ಅಷ್ಟರಲ್ಲಿ ಆಚೆ ದಂಡೆಯಿಂದ ಒಬ್ಬ ಕೂಗಿ ಹೇಳುತ್ತಾನೆ, ಸೇತುವೆ ನಡುವೆ ಮುರಿದು ಹೊಳೆಯ ಪಾಲಾಗಿದೆ ಎಂದು. ಕುದುರೆಯಿಂದ ಎಲ್ಲರ ಜೀವ ಉಳಿಯಿತು. ಇದರಿಂದ ನನಗೆ ಒಂದು ವಿಷಯ ತಿಳಿಯಿತು. ಕುದುರೆ ನಮ್ಮನ್ನು ನಂಬಬೇಕು ಅಂದರೆ ನಾವೂ ಕುದುರೆಯನ್ನು ನಂಬಬೇಕು. ನಂಬಿಕೆ ಒಂದೇ ಕಡೆಯಿಂದ ಆಗುವುದಿಲ್ಲ.

ನಾರ್ವಿಚ್ ಪಟ್ಟಣದ ಪ್ರಕಾಶಕರು 1877ರ ನವೆಂಬರ್ 24ರಂದು ಬ್ಲ್ಯಾಕ್ ಬ್ಯೂಟಿಯನ್ನು ಪ್ರಕಟಿಸಿದರು. ಈಗ ಎಲ್ಲರೂ ಅದನ್ನು ಮಕ್ಕಳ ಪುಸ್ತಕ ಅನ್ನುತ್ತಾರೆ. ಆದರೆ ಅನ್ನಾ ಅವರು ಬರೆದದ್ದು ಕುದುರೆ ಸಾಕುವವರಿಗೆ, ಗಾಡಿ ಹೊಡೆಯುವವರಿಗೆ. ಪುಸ್ತಕ ಬಂದ ಐದೇ ತಿಂಗಳಿಗೆ, 1878ರ ಏಪ್ರಿಲ್ 25ರಂದು, ಅವರು ತೀರಿಕೊಂಡರು. ಅವರಿಗೆ 58 ವರ್ಷ ಆಗಿತ್ತು. ಅವರ ಶವವನ್ನು ಒಯ್ಯಲು ಬಂದ ಗಾಡಿಯ ಕುದುರೆಗಳಿಗೂ ಅದೇ ಬೇರಿಂಗ್ ರೇನ್ ಬಿಗಿದಿತ್ತಂತೆ. ತಾಯಿ ಮೇರಿಯವರು ಅದನ್ನು ಕಂಡು, ಮಗಳು ಹೋದ ಆ ದುಃಖದಲ್ಲೂ, ಎಲ್ಲ ಕುದುರೆಗಳ ಪಟ್ಟಿ ಬಿಚ್ಚಿಸಿದರು ಎಂದು ಹೇಳುತ್ತಾರೆ. ತಲೆ ತಗ್ಗಿಸಿ ಹಾಯಾಗಿ ನಡೆದ ಕುದುರೆಗಳೇ ಅನ್ನಾ ಅವರನ್ನು ಕೊನೆಯ ಸಲ ಕರೆದುಕೊಂಡು ಹೋದವು.

ಪುಸ್ತಕ ಮಾತ್ರ ಸಾಯಲಿಲ್ಲ. 1890ರಲ್ಲಿ ಅಮೇರಿಕಾದ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾ ಸಂಘದ ಹಿರಿಯರು ಅದನ್ನು ಅಲ್ಲಿ ಅಚ್ಚು ಹಾಕಿಸಿ, ಗಾಡಿ ಹೊಡೆಯುವವರಿಗೆ, ಲಾಯದ ಆಳುಗಳಿಗೆ ಹಂಚಿಸಿದರು. ಜನ ಅದನ್ನು ಓದಿ ಬೇರಿಂಗ್ ರೇನ್ ವಿರುದ್ಧ ಮಾತಾಡತೊಡಗಿದರು. ಬರಬರುತ್ತಾ ಅದನ್ನು ಕಟ್ಟುವುದು ಕಡಿಮೆ ಆಯಿತು. ಇವತ್ತಿನವರೆಗೆ ಆ ಪುಸ್ತಕದ ಕೋಟ್ಯಂತರ ಪ್ರತಿಗಳು ಖರ್ಚಾಗಿವೆ. ಅದನ್ನು ನೋಡಲು ಅನ್ನಾ ಅವರೇ ಇರಲಿಲ್ಲ.

ಇನ್ನು ನಮ್ಮ ಮನೆಯ ಸುದ್ದಿ ಸ್ವಲ್ಪ ಹೇಳುತ್ತೇನೆ. ನಮ್ಮ ಕಾಕಾ ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಾರೆ ಅಂತ ನಿಮಗೆಲ್ಲ ಗೊತ್ತು. ಗುಡಾರ, ಪಾತ್ರೆ, ಎಳೆ ಮರಿ ಎಲ್ಲ ಹೊರುವುದು ನಮ್ಮ ಗೌರಿ ಎಂಬ ತಟ್ಟುಗುದುರೆ. ಈ ಸಲ ಊರಿಗೆ ಬಂದಾಗ ಗೌರಿ ಹತ್ತಿರ ಹೋದವರನ್ನೆಲ್ಲ ಕಚ್ಚಲು ಬರುತ್ತಿದ್ದಳು. ಹೊರೆ ಏರಿಸಲು ಹೋದ ಕಾಕಾನಿಗೆ ಒದ್ದಳು. ಅದಕ್ಕೆ ಸೊಕ್ಕು ಬಂದೈತಿ, ಸಂತೆಗೆ ಹೊಡೀರಿ ಅಂತ ಎಲ್ಲರೂ ಅಂದರು. ನನಗೆ ಜಿಂಜರ್ ನೆನಪಾಯಿತು. ಅವಳ ಬೆನ್ನು ಒಂದು ಸಲ ನೋಡೋಣ ಅಂತ ನಾನು ಅಜ್ಜನಿಗೆ ಗಂಟು ಬಿದ್ದೆ. ಅಜ್ಜ ಕೂದಲು ಸರಿಸಿ ನೋಡಿದರು. ಹಗ್ಗದ ಗಂಟು ಒತ್ತುವ ಜಾಗದಲ್ಲಿ ರೂಪಾಯಿ ಅಗಲ ಚರ್ಮ ಕಿತ್ತು ಹಸಿಗಾಯ ಆಗಿತ್ತು! ಮೇಲೆ ಕೂದಲು ಮುಚ್ಚಿದ್ದರಿಂದ ಯಾರಿಗೂ ಕಂಡಿರಲಿಲ್ಲ. ದನದ ಡಾಕ್ಟರು ಬಂದು ಮುಲಾಮು ಕೊಟ್ಟರು, ಗಾಯ ಪೂರ್ತಿ ಮಾಯುವ ತನಕ ಹೊರೆ ಬೇಡ ಅಂದರು.

ಅವತ್ತಿನಿಂದ ನಾನು ದಿನಾ ಸಂಜೆ ಗೌರಿಯ ಹತ್ತಿರ ಸ್ವಲ್ಪ ದೂರದಲ್ಲಿ ಕೂತು ಪಾಠ ಓದುತ್ತೇನೆ. ಮುಟ್ಟಲು ಹೋಗುವುದಿಲ್ಲ. ಮೊದಲು ಅವಳು ಕಿವಿ ಹಿಂದಕ್ಕೆ ಮಲಗಿಸಿಕೊಂಡು ನಿಲ್ಲುತ್ತಿದ್ದಳು. ಕುದುರೆಗೆ ಸಿಟ್ಟು ಬಂದರೆ ಹಾಗೆ ಮಾಡುತ್ತದೆ. ಹನ್ನೊಂದನೆಯ ದಿನ ತಾನಾಗಿಯೇ ಎರಡು ಹೆಜ್ಜೆ ಬಂದು ನನ್ನ ಪುಸ್ತಕ ಮೂಸಿ ನೋಡಿದಳು. ಈಗ ಕುತ್ತಿಗೆಯ ಬುಡ ಕೆರೆದರೆ ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತಾಳೆ. ಸಂತೆಯ ಮಾತನ್ನು ಸದ್ಯಕ್ಕೆ ಯಾರೂ ಎತ್ತಿಲ್ಲ. ಆದರೆ ಮತ್ತೆ ಹೊರೆ ಏರಿಸುವ ದಿನ ಏನಾಗುತ್ತದೋ ಅಂತ ನನಗೆ ಒಳಗೊಳಗೆ ಅಂಜಿಕೆ ಇದೆ. ಕಾಕಾ ಹೊಸ ಕಂಬಳಿ ಮಡಚಿ ಹಾಕುತ್ತೇನೆ, ಗಂಟನ್ನು ಬೇರೆ ಕಡೆ ಕಟ್ಟುತ್ತೇನೆ ಅಂದಿದ್ದಾರೆ.

ನಮ್ಮ ದೇಶದಲ್ಲೂ 1960ರಲ್ಲಿ ಪ್ರಾಣಿಗಳಿಗೆ ಹಿಂಸೆ ಕೊಡಬಾರದು ಎಂಬ ಕಾಯ್ದೆ ಬಂದಿದೆ. 1965ರ ನಿಯಮದ ಪ್ರಕಾರ ತಟ್ಟುಗುದುರೆಯ ಬೆನ್ನ ಮೇಲೆ 70 ಕಿಲೋಗಿಂತ ಹೆಚ್ಚು ಹೊರಿಸಬಾರದು. 37 ಡಿಗ್ರಿ ದಾಟುವ ಬಿಸಿಲು ಇರುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸಬಾರದು. ಮುಳ್ಳಿನ ಲಗಾಮು ಹಾಕಬಾರದು. ಇದು ನಮ್ಮೂರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಮನೆಗೆ ಹೋಗಿ ಹಿರಿಯರಿಗೆ ಹೇಳಿರಿ.

ಅನ್ನಾ ಸೆವೆಲ್ ಅವರಿಗೆ ಕುದುರೆ ಇಲ್ಲದೆ ಹೊರಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೇ ಅವರು ಅದರ ನೋವನ್ನು ಎಲ್ಲರಿಗಿಂತ ಮೊದಲು ಗಮನಿಸಿದರು ಅಂತ ನನಗೆ ಅನ್ನಿಸುತ್ತದೆ. ನಮಗೂ ಎತ್ತು, ಎಮ್ಮೆ, ಕುರಿ, ಕುದುರೆ ಇಲ್ಲದೆ ನಡೆಯುವುದಿಲ್ಲ. ಯಾವುದಾದರೂ ಪ್ರಾಣಿ ಒದ್ದರೆ, ಹಾದರೆ, ಕಚ್ಚಿದರೆ ಬಾರಕೋಲು ಎತ್ತುವ ಮೊದಲು ಅದಕ್ಕೆ ಎಲ್ಲಿ ನೋಯುತ್ತಿದೆ ಎಂದು ಒಂದು ಸಲ ನೋಡೋಣ. ಅದಕ್ಕೆ ಬಾಯಿ ಇಲ್ಲ, ನಮಗೆ ಕಣ್ಣು ಇವೆ.

 

— 7ನೇ ತರಗತಿಯ ವಿದ್ಯಾರ್ಥಿನಿ