ಆಯ್ದಕ್ಕಿ ಲಕ್ಕಮ್ಮನವರ ಅಳತೆ

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನವರ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಊರು. ಪತಿ ಮಾರಯ್ಯನವರೊಡನೆ ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಅದರಲ್ಲೇ ಅಡುಗೆ, ಲಿಂಗಾರ್ಪಣೆ, ಜಂಗಮ ದಾಸೋಹ. ಉಳಿದದ್ದು ತಮಗೆ ಪ್ರಸಾದ. ನಾಳೆಗೆಂದು ತುಂಬಿಡುವ ಮಡಕೆ ಆ ಮನೆಯಲ್ಲಿರಲಿಲ್ಲ.

ಒಂದು ದಿನ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತರು. ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನವರೇ ಎಚ್ಚರಿಸಿ ಕಳುಹಿಸಿದರು. ಅವಸರದಲ್ಲಿ ಹೋದವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವವರೂ ಉಂಟು. ಹೇಗೇ ಇರಲಿ, ಅದು ಕದ್ದದ್ದಲ್ಲ, ಬೇಡಿದ್ದಲ್ಲ. ಬಡವರ ಮನೆ, ಬೇರೆ ಯಾರೇ ಆಗಿದ್ದರೂ ಹಿಗ್ಗುತ್ತಿದ್ದರು. ಲಕ್ಕಮ್ಮನವರು ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಇರಿಸಿಕೊಂಡು, ಮಿಕ್ಕಿದ್ದನ್ನು ತಂದಲ್ಲಿಯೇ ಸುರಿದು ಬರಬೇಕೆಂದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಕ್ಕಿ ಬಾರದಿದ್ದಾಗ ಗಂಡನನ್ನು ಎಬ್ಬಿಸಿ ಕಳುಹಿಸಿದವರೂ ಅವರೇ, ಹೆಚ್ಚು ಬಂದಾಗ ಹಿಂದಿರುಗಿಸಿದವರೂ ಅವರೇ. ಹಸಿವನ್ನು ಅವರು ಪಾಪವೆಂದು ಎಣಿಸಲಿಲ್ಲ, ಉಪವಾಸದಿಂದ ದೇಹವನ್ನು ದಂಡಿಸಲೂ ಇಲ್ಲ.

ಕೊಡಿಗೇನಹಳ್ಳಿಯ ಭಕ್ತರ ಮನೆಯಲ್ಲಿ ಈ ಕಥೆ ಹೇಳುವಾಗ ಒಬ್ಬ ಹಿರಿಯರು ತಮ್ಮ ಪಾಡನ್ನು ನಮ್ಮಲ್ಲಿ ತೋಡಿಕೊಂಡರು. ಹೊಲ ಗೇಯುತ್ತಿದ್ದಾಗ ಎರಡು ಮುದ್ದೆ ಉಂಡರೆ ಮೂರನೆಯದಕ್ಕೆ ಕೈ ತಾನಾಗಿ ಹೋಗುತ್ತಿರಲಿಲ್ಲವಂತೆ. ಈಗ ಸಕ್ಕರೆ ಕಾಯಿಲೆ. ಸೊಸೆ ಅಳೆದು ಬಡಿಸುತ್ತಾಳೆ, ಇವರು ಹೆದರಿ ಹೆದರಿ ಉಣ್ಣುತ್ತಾರೆ. ಮದುವೆ ಮನೆಯಲ್ಲಿ ಮಾತ್ರ, ಯಾರೂ ನೋಡುವವರಿಲ್ಲವೆಂದು, ಹೊಟ್ಟೆ ಸಾಕೆಂದರೂ ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಹೇಳುತ್ತಾ ಅವರ ಕಣ್ಣು ತುಂಬಿತು. ವೈದ್ಯರು ಹೇಳಿದ ಪಥ್ಯವನ್ನು ಬಿಡಬೇಡಿ ಎಂದೆವು. ಆದರೆ ಎಲೆಯ ಮುಂದೆ ಕಳ್ಳನಂತೆ ಕೂರಬೇಡಿ. ನಿಧಾನವಾಗಿ, ಪ್ರಸಾದವೆಂದು ಉಣ್ಣಿ, ಹೊಟ್ಟೆಯ ಮಾತನ್ನು ಕೇಳಿ ಎಂದೂ ಹೇಳಿದೆವು. ಬಲವಂತ ಮಾಡಿ ಬಡಿಸುವುದನ್ನೇ ಉಪಚಾರವೆಂದು ತಿಳಿದ ನಮ್ಮ ಭಕ್ತರದೂ ಇದರಲ್ಲಿ ತಪ್ಪಿದೆ.

ಉಳಿಸಿಕೊಂಡ ಆ ಸ್ವಲ್ಪ ಅಕ್ಕಿಯಲ್ಲೇ ಲಕ್ಕಮ್ಮನವರು ಶರಣಸಮೂಹಕ್ಕೆಲ್ಲ ಉಣಬಡಿಸಿದರೆಂದು ಪರಂಪರೆ ಹೇಳುತ್ತದೆ. ನಮಗೇನೋ ಆ ಪವಾಡಕ್ಕಿಂತ, ಮಾರಯ್ಯನವರು ಮರುಮಾತಿಲ್ಲದೆ ಅಕ್ಕಿಯ ಗಂಟು ಹೊತ್ತು ಮಹಾಮನೆಯ ಅಂಗಳಕ್ಕೆ ಹಿಂದಿರುಗಿದ್ದೇ ದೊಡ್ಡದಾಗಿ ಕಾಣುತ್ತದೆ.