ಚೆಲುವಿನ ಹಿಂದಿನ ಲೆಕ್ಕಾಚಾರ

1961ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಜಾಗ್ವಾರ್ ಕಂಪೆನಿಯ ಇ-ಟೈಪ್ ಕಾರು ಅನಾವರಣಗೊಂಡಾಗ ಜನ ಅದರ ಸೌಂದರ್ಯಕ್ಕೆ ಮಾರುಹೋದರು. ಮೆಚ್ಚುಗೆಯ ಬಹುಪಾಲು ಸಂದದ್ದು ಕಂಪೆನಿಯ ಮುಖ್ಯಸ್ಥ ಸರ್ ವಿಲಿಯಂ ಲಯನ್ಸ್ ಅವರಿಗೆ. ಆ ರೂಪವನ್ನು ಗಣಿಸಿ ತೆಗೆದ ಮಾಲ್ಕಮ್ ಸೇಯರ್ ತೆರೆಮರೆಯಲ್ಲೇ ಉಳಿದರು.

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಕ್ರೋಮರ್‌ನಲ್ಲಿ 1916ರಲ್ಲಿ ಜನಿಸಿದ ಸೇಯರ್, ಲಫ್‌ಬರೋ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪೆನಿಯಲ್ಲಿ ದುಡಿದರು. ಕೆಲಕಾಲ ಬಾಗ್ದಾದಿನಲ್ಲಿದ್ದು, 1950ರ ದಶಕದ ಆರಂಭದಲ್ಲಿ ಜಾಗ್ವಾರ್ ಸೇರಿದರು. ತಮ್ಮನ್ನು ಶೈಲಿಕಾರನೆಂದು ಕರೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅವರು ವಕ್ರರೇಖೆಗಳನ್ನು ಕಣ್ಣಳತೆಯಿಂದ ಎಳೆದವರಲ್ಲ. ಲಾಗರಿದಮ್ ಕೋಷ್ಟಕ ಮುಂದಿಟ್ಟುಕೊಂಡು ಬಿಂದು ಬಿಂದುವನ್ನೂ ಲೆಕ್ಕ ಹಾಕಿ ಜೋಡಿಸಿದವರು.

ಲೆಕ್ಕ ಕೈಕೊಟ್ಟದ್ದೂ ಉಂಟು. 1951ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಸ್ಪರ್ಧೆ ಗೆದ್ದಿದ್ದ ಸಿ-ಟೈಪ್ ಕಾರಿನ ಮೂತಿಯನ್ನು ಮರುವರ್ಷ ಮರ್ಸಿಡಿಸ್ ಭಯದಿಂದ ತರಾತುರಿಯಲ್ಲಿ ತಗ್ಗಿಸಲಾಯಿತು. ಎಂಜಿನ್ ಕಾದು ಮೂರೂ ಕಾರುಗಳು ಆರಂಭದ ಗಂಟೆಗಳಲ್ಲೇ ನಿಂತವು. 1953ರಲ್ಲಿ ಸುಧಾರಿತ ಸಿ-ಟೈಪ್ ಮತ್ತೆ ಗೆದ್ದಿತು. ಬಳಿಕ ಬಂದ ಡಿ-ಟೈಪ್‌ಗೆ ಚಾಲಕನ ಬೆನ್ನ ಹಿಂದೆ ವಿಮಾನದ ಬಾಲದಂತಹ ರೆಕ್ಕೆಯಿತ್ತು. ಅದು 1955ರಿಂದ ಸತತ ಮೂರು ವರ್ಷ ಗೆದ್ದಿತು. ಮೊದಲ ಗೆಲುವಿನ ಮೇಲೆ 80ಕ್ಕೂ ಹೆಚ್ಚು ಮಂದಿ ಬಲಿಯಾದ ಅಪಘಾತದ ಕರಿನೆರಳಿತ್ತು.

ಇ-ಟೈಪ್ ರೂಪದ ಮೂಲ 1952ರ ಆಲ್ಫಾ ರೋಮಿಯೋ 'ಡಿಸ್ಕೊ ವೊಲಾಂಟೆ' ಎಂಬ ವಾದವೊಂದಿದೆ. ಹಾರುವ ತಟ್ಟೆ ಎಂಬ ಅರ್ಥದ ಆ ಕಾರನ್ನು ಮಿಲಾನಿನ ಟೂರಿಂಗ್ ಸಂಸ್ಥೆ ರೂಪಿಸಿತ್ತು. ದುಂಡನೆಯ ಮೈಯಲ್ಲಿ ಹೋಲಿಕೆ ಇರುವುದು ನಿಜ. ಸೇಯರ್ ಅದನ್ನು ಗಮನಿಸಿರಲೂಬಹುದು. ಆದರೆ ನಕಲು ಎನ್ನಲು ನನ್ನ ಮನಸ್ಸು ಒಪ್ಪದು. ಒಂದೇ ನಿಯಮಾವಳಿ ಓದಿದ ಎರಡು ಇಲಾಖೆಗಳ ಗುಮಾಸ್ತರು ಪರಸ್ಪರ ಮುಖ ನೋಡದೆಯೇ ಒಂದೇ ಟಿಪ್ಪಣಿ ಬರೆದದ್ದನ್ನು ಸೇವಾವಧಿಯಲ್ಲಿ ಕಂಡಿದ್ದೇನೆ. ಗಾಳಿಯ ನಿಯಮಗಳೂ ಇಟಲಿಗೊಂದು, ಇಂಗ್ಲೆಂಡಿಗೊಂದು ಎಂದಿಲ್ಲ. ಮೇಲಾಗಿ ಇ-ಟೈಪ್‌ನ ಮೊಟ್ಟೆಯಾಕಾರದ ಬಾಯಿ, ನೀಳ ಮೂತಿ, ವಿಮಾನದ ಒಡಲಿನಂತಹ ನಡುಗವಚ ಇವೆಲ್ಲ ಡಿ-ಟೈಪ್‌ನಲ್ಲೇ ಇದ್ದವು. ಹತ್ತಿರದ ಪೂರ್ವಜ ಮನೆಯಲ್ಲೇ ಇರುವಾಗ ಮಿಲಾನಿನವರೆಗೆ ಹೋಗಬೇಕೆ?

1970ರಲ್ಲಿ ಸೇಯರ್ ಹೃದಯಾಘಾತದಿಂದ ನಿಧನರಾದರು; ವಯಸ್ಸು 53. ಅವರು ಆರಂಭಿಸಿದ್ದ ಎಕ್ಸ್‌ಜೆ-ಎಸ್ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇ-ಟೈಪ್ ಒಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದು 1996ರ ಮಾತು. ತಾನು ಶೈಲಿಕಾರನಲ್ಲ ಎನ್ನುತ್ತಿದ್ದಾತ ತೀರಿಕೊಂಡು ಆಗಲೇ 26 ವರ್ಷ ಕಳೆದಿತ್ತು.