ಲೂಯಿ ಬ್ರೈಲ್ ಮಹಾಶಯನ ಚರಿತ್ರೆ

ಕಣ್ಣಿಲ್ಲದವರಿಗೆ ಓದಿ ಹೇಳುವುದು ಒಳ್ಳೆಯ ಉಪಕಾರವೇ ಸರಿ. ಆದರೆ ಓದುವವರಿಗೆ ಬಿಡುವಿಲ್ಲದ ದಿನ ಕೇಳುವವರ ವಿದ್ಯೆಯೂ ನಿಂತುಹೋಗುವುದು. ಅವರು ಬರೆಯಿಸುವ ಗುಟ್ಟಿನ ಕಾಗದವೂ ಇನ್ನೊಬ್ಬರ ಕಣ್ಣಿಗೆ ಬೀಳದೆ ಇರಲಾರದು. ಈ ಪರಾಧೀನತೆಯನ್ನು ಆರು ಚುಕ್ಕೆಗಳಿಂದ ನೀಗಿದ ಮಹನೀಯನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ಲೂಯಿ ಬ್ರೈಲನು 1809ನೆಯ ಇಸವಿ ಜನವರಿ 4ರಂದು ಫ್ರಾನ್ಸ್ ದೇಶದ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಕುದುರೆಯ ಜೀನು ಲಗಾಮುಗಳನ್ನು ಮಾಡುತ್ತಿದ್ದನು. ಮೂರು ವರುಷದ ಕೂಸು ತಂದೆಯ ದಬ್ಬಳವನ್ನು ಹಿಡಿದು ಆಡುತ್ತಿರುವಾಗ ಅದು ಕಣ್ಣಿಗೆ ನಾಟಿತು. ಗಾಯದ ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರುಷ ತುಂಬುವಷ್ಟರಲ್ಲಿ ದೃಷ್ಟಿಯು ಪೂರ್ಣವಾಗಿ ಹೋಯಿತು. ಆದರೂ ತಾಯಿತಂದೆಗಳು ಮಗುವನ್ನು ಮೂಲೆಯಲ್ಲಿ ಕುಳ್ಳಿರಿಸದೆ ಊರ ಶಾಲೆಗೆ ಕಳುಹಿಸಿದರು. 1819ರಲ್ಲಿ ಅವನು ಪ್ಯಾರಿಸ್ ನಗರದ ಅಂಧರ ಶಾಲೆಯನ್ನು ಸೇರಿದನು.

ಅಲ್ಲಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಅಚ್ಚುಮಾಡಿದ ಪುಸ್ತಕಗಳಿದ್ದವು. ಅವು ಬಹು ಭಾರವಾದವು, ಸಂಖ್ಯೆಯಲ್ಲಿ ಕೆಲವೇ. ಒಂದೊಂದು ಅಕ್ಷರವನ್ನೂ ತಡವರಿಸಿ ಓದಬೇಕಾಗಿತ್ತು. ಅವುಗಳಂತೆ ಸ್ವತಃ ಬರೆಯುವುದಂತೂ ಅಸಾಧ್ಯವಾಗಿತ್ತು. 1821ರಲ್ಲಿ ಬಾರ್ಬಿಯೇ ಎಂಬ ಸೇನಾಧಿಕಾರಿಯ ಚುಕ್ಕೆಬರಹವು ಆ ಶಾಲೆಗೆ ಬಂದಿತು. ಅದರಲ್ಲಿ ಒಂದು ಸಂಜ್ಞೆಗೆ ಹನ್ನೆರಡರವರೆಗೂ ಚುಕ್ಕೆಗಳಿದ್ದು, ಅದು ಬೆರಳ ತುದಿಗೆ ಒಮ್ಮೆಗೇ ನಿಲುಕದು. ಪದಗಳ ಸರಿಯಾದ ಕಾಗುಣಿತವನ್ನೂ ತೋರಿಸದು. ಬಾಲಕನು ಮೂರು ವರುಷ ಅದನ್ನೇ ತಿದ್ದಿ ತೀಡಿ, ಹದಿನೈದನೆಯ ವಯಸ್ಸಿನಲ್ಲಿ, ಎರಡು ಸಾಲುಗಳಲ್ಲಿ ಮೂರು ಮೂರರಂತೆ ಆರೇ ಚುಕ್ಕೆಗಳಿಗೆ ಇಳಿಸಿದನು. ಈ ಆರರಿಂದ 63 ರೂಪಗಳು ಹುಟ್ಟುವುವು. ಪ್ರತಿಯೊಂದೂ ಒಂದೇ ಸ್ಪರ್ಶಕ್ಕೆ ತಿಳಿಯುವುದು. ಚೌಕಟ್ಟಿನಲ್ಲಿ ಕಾಗದವನ್ನಿಟ್ಟು ಮೊನೆಯ ಕಡ್ಡಿಯಿಂದ ಚುಚ್ಚಿದರೆ ಬರಹ. ಕಣ್ಣನ್ನು ಕಸಿದ ದಬ್ಬಳದಂಥ ಮೊನೆಯೇ ಅವನ ಲೇಖನಿಯಾಯಿತು! 1829ರಲ್ಲಿ ಈ ಪದ್ಧತಿಯನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಸಂಗೀತಕ್ಕೂ ಅದರಲ್ಲಿ ಸಂಜ್ಞೆಗಳಿದ್ದವು.

ಮುಂದೆ ಅದೇ ಶಾಲೆಯಲ್ಲಿ ಉಪಾಧ್ಯಾಯನಾಗಿ, ದೇವಾಲಯದಲ್ಲಿ ಆರ್ಗನ್ ವಾದಕನಾಗಿ ತನ್ನ ಜೀವನವನ್ನು ತಾನೇ ಸಾಗಿಸಿದನು. ಕಣ್ಣುಳ್ಳವರಿಗೂ ಕಾಗದ ಬರೆಯಬೇಕೆಂದು, ಸಾಮಾನ್ಯ ಅಕ್ಷರಗಳನ್ನು ಚುಕ್ಕೆಗಳಿಂದ ರೂಪಿಸುವ ಇನ್ನೊಂದು ಕ್ರಮವನ್ನು 1839ರಲ್ಲಿ ಪ್ರಕಟಿಸಿದನು. ಅವನ ಸ್ನೇಹಿತನೂ ಅಂಧನೂ ಆದ ಫೂಕೋ ಎಂಬುವನು ಅದಕ್ಕೊಂದು ಯಂತ್ರವನ್ನು ಕಟ್ಟಿದನು.

ಇಷ್ಟಾದರೂ ವಿರೋಧವು ತಪ್ಪಲಿಲ್ಲ. 1840ರಲ್ಲಿ ಶಾಲೆಯ ಹೊಸ ಮುಖ್ಯಸ್ಥನು ಚುಕ್ಕೆಲಿಪಿಯನ್ನು ನಿಷೇಧಿಸಿದನು. ಕಣ್ಣುಳ್ಳವರು ಓದಲಾರದ ಲಿಪಿಯು ಅಂಧರನ್ನು ಲೋಕದಿಂದ ಬೇರ್ಪಡಿಸುವುದೆಂಬ ವಾದವಿತ್ತು. ಆದರೆ ವಿದ್ಯಾರ್ಥಿಗಳು ಮರೆಯಲ್ಲಿ ಅದರಲ್ಲಿಯೇ ಬರೆದರು, ಒಬ್ಬರಿಗೊಬ್ಬರು ಕಲಿಸಿದರು. ಕೊನೆಗೆ 1844ರಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭೋತ್ಸವದಲ್ಲಿ ಸಭಿಕರ ಮುಂದೆಯೇ ಅದರ ಪ್ರಯೋಜನವು ತೋರಿಸಲ್ಪಟ್ಟಿತು. ಬ್ರೈಲನು ಕ್ಷಯರೋಗದಿಂದ ಬಳಲಿ 1852ನೆಯ ಇಸವಿ ಜನವರಿ 6ರಂದು, 43 ವರುಷ ತುಂಬಿದ ಎರಡೇ ದಿನಗಳಲ್ಲಿ ತೀರಿಕೊಂಡನು. 1854ರಲ್ಲಿ ಫ್ರಾನ್ಸ್ ದೇಶವು ಅವನ ಲಿಪಿಯನ್ನು ಅಂಗೀಕರಿಸಿತು.

ನಮ್ಮ ನಂಜನಗೂಡಿಗೂ ನರಸೀಪುರಕ್ಕೂ ಸಮೀಪವಾದ ಮೈಸೂರು ನಗರದಲ್ಲಿ 1901ರಲ್ಲಿಯೇ ಶ್ರೀ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಭರತಖಂಡದಲ್ಲಿ ಬೇರೆ ಬೇರೆಯಾಗಿದ್ದ ಬ್ರೈಲ್ ಲಿಪಿಗಳು 1951ರಲ್ಲಿ ಭಾರತಿ ಬ್ರೈಲ್ ಎಂದು ಒಂದಾದುವು. ನಮ್ಮ ಕಕಾರವೂ ಅದರಲ್ಲಿ ಎರಡೇ ಚುಕ್ಕೆ. ಈಗ ಗಣಕಯಂತ್ರವು ಬರಹವನ್ನು ಓದಿ ಹೇಳುವುದು. ಸಣ್ಣ ಮೊಳೆಗಳನ್ನು ಮೇಲೆಬ್ಬಿಸಿ ಬೆರಳಿನಡಿಯಲ್ಲಿ ಬ್ರೈಲಿನ ಸಾಲನ್ನು ಮೂಡಿಸುವ ಸಾಧನಗಳೂ ಉಂಟು. ಕಿವಿಯಿಂದ ಕಥೆಯನ್ನು ತಿಳಿಯಬಹುದು. ಕಾಗುಣಿತವನ್ನು ಕಲಿಯಲು ಬೆರಳೇ ಬೇಕು.

ಆ ಮುಖ್ಯಸ್ಥನ ಕಥೆಯನ್ನು ಬರೆಯುವಾಗ ಉಪಾಧ್ಯಾಯಿನಿಯರಾದ ನಮಗೇ ನಾಚಿಕೆಯಾಗುವುದು. ನಮಗೆ ಸುಲಭವಾದುದೇ ಮಕ್ಕಳಿಗೂ ಹಿತವೆಂದು ನಾವು ಎಷ್ಟೋ ಸಲ ಭಾವಿಸಿದ್ದೇವೆ. ಬಾಲೆಯರೇ, ಅಂಧಳಾಗಲಿ ಮಂದದೃಷ್ಟಿಯವಳಾಗಲಿ ಒಬ್ಬ ಸಹಪಾಠಿಯು ನಿಮ್ಮ ಪಕ್ಕದಲ್ಲಿ ಕುಳಿತರೆ, ಅವಳ ಪಾಠವನ್ನು ನೀವೇ ಬರೆದುಕೊಡುವ ಮುನ್ನ, ಅವಳು ತಾನೇ ಬರೆಯಲು ಏನು ಬೇಕೆಂದು ಕೇಳಿರಿ.